ಇಳಿಜಾರಿನ ಲೆಕ್ಕ

ಕಳೆದ ವಾರ ಕೆಂಗೇರಿಯಲ್ಲಿ ದೂರದ ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದಾಗ ಸೀಟು ಇರಲಿಲ್ಲ, ಕಂಬ ಹಿಡಿದು ನಿಂತೆ. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎರಡು ಕೈಯಲ್ಲೂ ಫೋನ್ ಹಿಡಿದು ಟೈಪ್ ಮಾಡುತ್ತಿದ್ದಳು. ರೈಲು ಹೊರಟಿದ್ದೇ ತಡ, ಹಿಂದಕ್ಕೆ ವಾಲಿ ನನ್ನ ಭುಜದ ಮೇಲೆ ಬಂದಳು. ಸಾರಿ ಆಂಟಿ, ಸಾರಿ ಆಂಟಿ ಎಂದು ಮುದುಡಿಕೊಂಡಳು ಪಾಪ.

"ನಿನ್ನ ತಪ್ಪಲ್ಲಮ್ಮ. ರೈಲು ಹೊರಟಿದ್ದು ನಿನ್ನ ಕಾಲಿಗೆ ಗೊತ್ತಾಯ್ತು, ಮೈಗೆ ಇನ್ನೂ ಗೊತ್ತಾಗಿಲ್ಲ ಅಷ್ಟೆ" ಎಂದೆ.

ಹುಡುಗಿ ನನ್ನ ಜರಿ ಸೀರೆಯನ್ನೂ ಕೈಯಲ್ಲಿದ್ದ ಉಡುಗೊರೆಯ ಚೀಲವನ್ನೂ ನೋಡಿ, ನೀವು ಸೈನ್ಸ್ ಟೀಚರ್ರಾ ಎಂದು ಕೇಳಿದಳು. ಅಲ್ಲಮ್ಮ, ಮನೆಯಲ್ಲೇ ಇರುವವಳು ಎಂದೆ. ಅವಳು ನಂಬಲಿಲ್ಲ ಅಂತ ಕಾಣುತ್ತೆ. ವಿಜಯನಗರ ದಾಟಿ ಅತ್ತಿಗುಪ್ಪೆಯ ಕಡೆ ರೈಲು ಬಾಗುವಾಗ ನನ್ನ ಮೈ ತಾನಾಗಿ ಇನ್ನೊಂದು ಪಕ್ಕಕ್ಕೆ ವಾಲಿತು. ಯಾಕೆ ವಾಲಿತು ಎನ್ನುವುದೂ ನನಗೆ ಗೊತ್ತಿತ್ತು. ಐವತ್ತು ದಾಟಿದ ಮೇಲೆ, ಊಟದ ಮೇಜಿನ ಮೇಲೆ, ಒಂದೇ ಒಂದು ಬೇಸಿಗೆಯಲ್ಲಿ ಕಲಿತದ್ದು ಅದು. ಉಳಿದ ದಾರಿಯೆಲ್ಲ ಆ ಬೇಸಿಗೆಯೇ ಕಣ್ಣ ಮುಂದೆ ಇತ್ತು.

ಎರಡು ವರ್ಷದ ಹಿಂದಿನ ಮಾತು. ಬಸವೇಶ್ವರನಗರದ ನಮ್ಮ ಮನೆಗೆ ಶೈಲಾ ಸೊಸೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ನರಗುಂದದ ಹುಡುಗಿ. ವಿಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನನ್ನ ಮಗ ಕಾರ್ತಿಕ್ ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಒಂದು ದಿನ ಅಲ್ಲಿಗೆ ಹೋದವನು, ಆಮೇಲೆ ಗಟ್ಟಿಯಾಗಿದ್ದ ಕಡ್ಡಿಯನ್ನೂ ಬಿಗಿ ಮಾಡಿಸಲು ಹೋಗತೊಡಗಿದ. ಮದುವೆ ಸರಳವಾಗಿ ಆಯಿತು. ಹುಡುಗಿ ಒಳ್ಳೆಯವಳು, ನಾನೂ ಕೆಟ್ಟವಳಲ್ಲ. ಆದರೆ ನಮ್ಮಿಬ್ಬರಿಗೂ ಮಾತಾಡಲು ಏನೂ ಇರಲಿಲ್ಲ. ಊಟಕ್ಕೆ ಏನು ಮಾಡಲಿ, ಬಟ್ಟೆ ಒಣಗಿತಾ, ಇಷ್ಟೇ. ಅವಳು ರೊಟ್ಟಿ ತಟ್ಟಿದ ದಿನ ನಾನು ಚೆನ್ನಾಗಿದೆ ಎನ್ನುತ್ತಿದ್ದೆ, ನಾನು ಹುಳಿ ಮಾಡಿದ ದಿನ ಅವಳು ಛಲೋ ಆಗೇತ್ರಿ ಎನ್ನುತ್ತಿದ್ದಳು. ಮನೆಗೆ ಬಂದ ಅತಿಥಿಗಳ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು.

ಅವಳ ಮನಸ್ಸಿನಲ್ಲಿ ಒಂದು ಆಸೆ ಇದೆ ಎನ್ನುವುದು ಕಾರ್ತಿಕ್‌ಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಅವಳ ಕೆಲಸ ಹೊರಗಡೆ. ಫ್ರೇಮು ತೋರಿಸುವುದು, ಕನ್ನಡಿ ಹಿಡಿಯುವುದು, ನಿಮ್ಮ ಮುಖಕ್ಕೆ ಒಪ್ಪುತ್ತೆ ಸಾರ್ ಎನ್ನುವುದು. ಒಳಗೊಂದು ಕತ್ತಲೆ ಕೋಣೆ ಇರುತ್ತದಲ್ಲ, ಅಕ್ಷರದ ಬೋರ್ಡು ಹಾಕಿ ಕಣ್ಣು ಪರೀಕ್ಷೆ ಮಾಡುವ ಕೋಣೆ, ಅವಳಿಗೆ ಬೇಕಾಗಿದ್ದು ಆ ಕೋಣೆ. ಕೆಂಗೇರಿಯ ಹತ್ತಿರ ಒಂದು ಕಣ್ಣಿನ ಸಂಸ್ಥೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವರಿಗೆ ಎರಡು ವರ್ಷದ ತರಬೇತಿ ಇತ್ತು. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಸೇರಬಹುದು. ಆದರೆ ಮೊದಲು ಒಂದು ಪರೀಕ್ಷೆ: ಚಲನೆ, ಬಲ, ಬೆಳಕು, ಈ ಮೂರರ ಮೇಲೆ ಲೆಕ್ಕಗಳು. ಶೈಲಾ ಪಿಯುಸಿಯಲ್ಲಿ ಓದಿದ್ದು ಇತಿಹಾಸ, ಅರ್ಥಶಾಸ್ತ್ರ. ಮದುವೆಗೆ ಮುಂಚೆ ಒಮ್ಮೆ ಬರೆದು ಫೇಲಾಗಿದ್ದಳು. ಆ ವರ್ಷ ಮತ್ತೊಮ್ಮೆ ಬರೆಯಬಹುದಿತ್ತು. ಅದರ ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಅಂದರೆ ಆ ಬೇಸಿಗೆ ದಾಟಿದರೆ ಬಾಗಿಲು ಮುಚ್ಚಿದ ಹಾಗೆಯೇ.

ಮಾರ್ಚಿನ ಒಂದು ಮಧ್ಯಾಹ್ನ ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅವಳು ಅಂಗಡಿಯಲ್ಲಿ ಕೇಳಿಕೊಂಡು ಬೆಳಗಿನ ಪಾಳಿ ಮಾತ್ರ ಇಟ್ಟುಕೊಂಡಿದ್ದಳು, ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಒಂದು ದಪ್ಪ ಗೈಡು ಹಿಡಿದುಕೊಂಡು ಬಂದು ನನ್ನೆದುರು ಕೂತಳು. ಸ್ವಲ್ಪ ಹೊತ್ತು ಅವಳೂ ಬೀಜ ಬಿಡಿಸಿದಳು. ಆಮೇಲೆ, ಕೈಯ ಅಂಟನ್ನು ನೋಡಿಕೊಳ್ಳುತ್ತಾ ಹೇಳಿದಳು:

"ಅತ್ತಿ, ಹೋದ ಸಲ ನನಗ ಉತ್ತರ ಬರಲಿಲ್ಲ ಅಂತಲ್ರಿ. ಪ್ರಶ್ನೆನ ತಿಳೀಲಿಲ್ಲ. ಎಲ್ಲಾ ಇಂಗ್ಲಿಷ್‌ನ್ಯಾಗ ಇತ್ತು. ನೀವು ಕಾನ್ವೆಂಟ್‌ನ್ಯಾಗ ಕಲ್ತವರು, ಒಂದೀಟು ಓದಿ ಹೇಳ್ತೀರೇನ್ರಿ?"

ಅಲ್ಲಿಯವರೆಗೆ ಅವಳು ನನ್ನ ಹತ್ತಿರ ಏನನ್ನೂ ಕೇಳಿರಲಿಲ್ಲ. ನಾನು ಕೈ ತೊಳೆದುಕೊಂಡು ಬಂದೆ.

ನಿಜ ಹೇಳಬೇಕೆಂದರೆ ನನಗೂ ಭೌತಶಾಸ್ತ್ರ ಹತ್ತನೇ ಕ್ಲಾಸಿಗೇ ಮುಗಿದಿತ್ತು. ರಾಜಾಜಿನಗರದ ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ಮೆಲುದನಿಯವರು. ಲೆಕ್ಕ ತಪ್ಪಾದರೆ ಬೈಯುತ್ತಿರಲಿಲ್ಲ, ಚಿತ್ರ ಬರೆಯದೆ ಲೆಕ್ಕಕ್ಕೆ ಕೈ ಹಾಕಿದರೆ ಮಾತ್ರ ಪುಸ್ತಕ ಮುಚ್ಚಿ ವಾಪಸು ಕೊಡುತ್ತಿದ್ದರು. ಮೊದಲು ಮಾರ್ಜಿನ್, ಆಮೇಲೆ ಚೂಪಾದ ಪೆನ್ಸಿಲ್ಲಿನಲ್ಲಿ ಚಿತ್ರ, ಚಿತ್ರಕ್ಕೆ ಬಾಣಗಳು, ಕೊನೆಗೆ ಲೆಕ್ಕ. ನನಗೆ ಸೂತ್ರಗಳು ಮರೆತಿದ್ದವು, ಬಾಣ ಬರೆಯುವುದು ಮರೆತಿರಲಿಲ್ಲ. ಹಾಗಾಗಿ ನಾನು ಕಲಿಸಿದೆ ಎನ್ನಲಾರೆ. ನಾನು ಪ್ರಶ್ನೆ ಓದಿ ಕನ್ನಡದಲ್ಲಿ ಹೇಳಿ ಚಿತ್ರ ಬರೆಯುತ್ತಿದ್ದೆ, ಅವಳು ಸೂತ್ರ ಹುಡುಕಿ ಲೆಕ್ಕ ಮಾಡುತ್ತಿದ್ದಳು. ಹುಡುಗಿಯ ಕೈಯಲ್ಲಿ ಗುಣಾಕಾರ ಭಾಗಾಕಾರ ನೀರು ಹರಿದ ಹಾಗೆ ಹರಿಯುತ್ತಿತ್ತು.

ಮೊದಮೊದಲು ಆ ಪ್ರಶ್ನೆಗಳೇ ವಿಚಿತ್ರ ಅನಿಸುತ್ತಿದ್ದವು. ಎಲ್ಲ ಮೇಜೂ ನುಣುಪು, ಎಲ್ಲ ಹಗ್ಗಕ್ಕೂ ಭಾರವಿಲ್ಲ, ಎಲ್ಲ ಕಲ್ಲೂ ಗಾಳಿಯಿಲ್ಲದ ಕಡೆಯೇ ಬೀಳುತ್ತದೆ. ನಾನು ಮೂರನೆಯ ಸಲ "ಗಾಳಿಯ ತಡೆಯನ್ನು ಬಿಟ್ಟುಬಿಡಿ" ಎಂದು ಓದಿ ಹೇಳಿದಾಗ ಶೈಲಾ ಪೆನ್ನು ಕೆಳಗಿಟ್ಟಳು.

"ಈ ಊರಾಗ ಗಾಳಿನೂ ಇಲ್ಲ, ಘರ್ಷಣೆನೂ ಇಲ್ಲ. ಮಂದಿ ಹೆಂಗ ಬದಕ್ತಾರ್ರಿ?"

ಆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರು, ವಿಮೆ ಆಫೀಸಿನಿಂದ ರಿಟೈರಾದವರು, ಕನ್ನಡಕ ಹಣೆಗೇರಿಸಿಕೊಂಡು ಬಂದು ನೋಡಿ ಹೋದರು. ಅಂದಿನಿಂದ ಸಂಜೆಯ ಕಾಫಿ ತಡವಾದರೆ, ನ್ಯೂಟನ್ ಸಾಹೇಬರು ಬಿಡುವಾದಾಗ ನನಗೂ ಅರ್ಧ ಲೋಟ ಕೊಡಬಹುದಾ ಎಂದು ಕೇಳುವುದು ಶುರುವಾಯಿತು. ಆಮೇಲಾಮೇಲೆ ತಾವೇ ಮಾಡಿಕೊಂಡು ನಮಗೂ ತಂದಿಡುತ್ತಿದ್ದರು, ಸಕ್ಕರೆ ಮಾತ್ರ ಯಾವಾಗಲೂ ಜಾಸ್ತಿ.

ಬಸ್ಸಿನ ಲೆಕ್ಕ ಬಂದಿದ್ದು ಏಪ್ರಿಲ್ ಮೊದಲಿನಲ್ಲಿ, ಬೀದಿಯ ಹೊಂಗೆ ಮರಗಳು ಬೆಳಗಾಗುವಷ್ಟರಲ್ಲಿ ನಮ್ಮ ಗೇಟಿನ ಮುಂದೆ ಹೂವಿನ ಹೊಟ್ಟು ಸುರಿದು ಹಾಕುತ್ತಿದ್ದ ಕಾಲ. ಬಸ್ಸೊಂದು ಗಂಟೆಗೆ ಮೂವತ್ತಾರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ, ಐದು ಸೆಕೆಂಡಿಗೆ ಬಸ್ಸು ನಿಲ್ಲುತ್ತದೆ, ಅಷ್ಟರಲ್ಲಿ ಎಷ್ಟು ದೂರ ಹೋಗಿರುತ್ತದೆ? ನಮಗೆ ಬಂದ ಉತ್ತರ ಇಪ್ಪತ್ತೈದು ಮೀಟರ್. ಗೈಡಿನ ಹಿಂದೆ ಐವತ್ತು ಎಂದಿತ್ತು. ಮತ್ತೆ ಮಾಡಿದೆವು, ಇಪ್ಪತ್ತೈದೇ. ಕಾರ್ತಿಕ್ ಆಫೀಸಿನಿಂದ ಬಂದು ಮಾಡಿದ, ಇಪ್ಪತ್ತೈದೇ. ಕೊನೆಗೆ ಶೈಲಾಳೇ ಕಂಡುಹಿಡಿದಳು. ಗೈಡು ಬರೆದವರು ಬ್ರೇಕ್ ಹಾಕಿದ್ದನ್ನೇ ಮರೆತಿದ್ದಾರೆ, ಬಸ್ಸು ಐದು ಸೆಕೆಂಡೂ ಅದೇ ವೇಗದಲ್ಲಿ ಹೋಯಿತು ಎಂದುಕೊಂಡು ಗುಣಿಸಿದ್ದಾರೆ. ಹಾಗೆ ಹೋದರೆ ಅದು ನಿಲ್ಲುವುದಾದರೂ ಯಾವಾಗ?

ನನಗೆ ಆದ ಖುಷಿ ಹೇಳತೀರದು. ಅಚ್ಚಾದ ಪುಸ್ತಕವೊಂದು ತಪ್ಪು, ನಮ್ಮ ಮನೆ ಹುಡುಗಿ ಸರಿ. ಪೆನ್ಸಿಲ್ ತೆಗೆದುಕೊಂಡು ಐವತ್ತನ್ನು ಹೊಡೆದು ಹಾಕಿ ಪಕ್ಕದಲ್ಲಿ ಇಪ್ಪತ್ತೈದು ಎಂದು ದುಂಡಗೆ ಬರೆದೆ. ಅಂದು ರಾತ್ರಿ ಊಟಕ್ಕೆ ಶಾವಿಗೆ ಪಾಯಸ ಮಾಡಿದೆ. ನಮ್ಮವರು ಬಸ್ಸು ನಿಂತಿದ್ದಕ್ಕಾ ಪಾಯಸ ಎಂದು ಕೇಳಿ ಎರಡನೇ ಸಲ ಹಾಕಿಸಿಕೊಂಡರು.

ಬೆಳಕಿನ ಪಾಠಕ್ಕೆ ಬಂದ ಮೇಲಂತೂ ನಾನು ಶಿಷ್ಯೆ, ಅವಳು ಟೀಚರ್. ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಅವಳು ನನ್ನ ಓದುವ ಕನ್ನಡಕ ಕೇಳಿ ಪಡೆದು, ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಿಡಿದು, ಹಿಂದೆ ಮುಂದೆ ಸರಿಸುತ್ತಾ ಒಂದು ಕಡೆ ನಿಲ್ಲಿಸಿದಳು. ಗೋಡೆಯ ಮೇಲೆ ಅಂಗೈಗಿಂತ ಚಿಕ್ಕದಾಗಿ ನಮ್ಮ ಕಿಟಕಿ ಮೂಡಿತು. ಕಿಟಕಿಯೊಳಗೆ ಎದುರು ಮನೆಯ ನೀಲಿ ನೀರಿನ ಟ್ಯಾಂಕು, ತಂತಿಯ ಮೇಲಿನ ಬಟ್ಟೆ, ಎಲ್ಲವೂ ಬಣ್ಣಬಣ್ಣವಾಗಿ, ತಲೆಕೆಳಗಾಗಿ. ಬಟ್ಟೆ ತೆಗೆಯಲು ಮಹಡಿಗೆ ಬಂದ ಎದುರು ಮನೆಯ ಪದ್ಮಾ ನಮ್ಮ ಗೋಡೆಯ ಮೇಲೆ ಕಾಲು ಮೇಲೆ ಮಾಡಿಕೊಂಡು ಓಡಾಡಿದರು. ಇಪ್ಪತ್ತೈದು ವರ್ಷದಿಂದ ಆ ಕಿಟಕಿಯ ಪರದೆ ಒಗೆದು ಹಾಕುತ್ತಾ ಬಂದಿದ್ದೇನೆ, ಅದರಲ್ಲಿ ಇಷ್ಟೆಲ್ಲ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಶೈಲಾ ಕನ್ನಡಕದಿಂದ ಗೋಡೆಯವರೆಗಿನ ದೂರವನ್ನು ಮೊಳಕೈಯಿಂದಲೇ ಅಂದಾಜು ಮಾಡಿದಳು. ಅರ್ಧ ಮೀಟರ್ ಎಂದಳು. ಒಂದನ್ನು ಅರ್ಧದಿಂದ ಭಾಗಿಸಿದರೆ ಎರಡು, ನಿಮ್ಮ ನಂಬರು ಎರಡು, ಹೌದಲ್ರಿ ಎಂದಳು. ಹೌದು, ನನ್ನದು ಎರಡೇ. ಆಗ ಅವಳ ಮುಖ ನೋಡಿದೆ. ಫ್ರೇಮು ತೋರಿಸುವ ಹುಡುಗಿಯ ಮುಖ ಆಗಿರಲಿಲ್ಲ ಅದು. ಇವಳಿಗೆ ಈ ಸೀಟು ಸಿಗಲೇಬೇಕು ದೇವರೇ ಎಂದು ಅಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅಲ್ಲಿಯವರೆಗೆ ಅದು ಅವಳ ಪರೀಕ್ಷೆಯಾಗಿತ್ತು, ಆಮೇಲೆ ನನ್ನದೂ ಆಯಿತು.

ಕೊನೆಗೆ ಬಂದಿದ್ದು ಇಳಿಜಾರು. ಓರೆಯಾಗಿ ಇಟ್ಟ ಹಲಗೆ, ಅದರ ಮೇಲೊಂದು ಪೆಟ್ಟಿಗೆ, ಹಲಗೆ ಒರಟು. ಪೆಟ್ಟಿಗೆ ಜಾರುತ್ತದೋ ಇಲ್ಲವೋ, ಜಾರಿದರೆ ಎಷ್ಟು ಬೇಗ. ಅಷ್ಟು ದಿನ ಸಮತಟ್ಟಾದ ಮೇಜಿನ ಮೇಲಿನ ಲೆಕ್ಕಗಳನ್ನು ರಾಶಿ ರಾಶಿ ಮಾಡಿದ್ದೆವು. ಅಲ್ಲೆಲ್ಲ ಪೆಟ್ಟಿಗೆಯ ಭಾರ ಕೆಳಕ್ಕೆ ಒಂದು ಬಾಣ, ಅದನ್ನು ತಡೆದುಕೊಂಡ ಮೇಜು ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುವ ಇನ್ನೊಂದು ಬಾಣ. ನನ್ನ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಇಳಿಜಾರಿನ ಚಿತ್ರದಲ್ಲೂ ಪೆಟ್ಟಿಗೆಯ ಕೆಳಗಿನಿಂದ ನೆಟ್ಟಗೆ ಆಕಾಶದ ಕಡೆಗೆ ಬಾಣ ಎಳೆದೆ. ಎಷ್ಟು ಭಾರವೋ ಅಷ್ಟೇ ತಳ್ಳು ಎಂದು ಶೈಲಾ ಲೆಕ್ಕ ಮಾಡಿದಳು. ಘರ್ಷಣೆ ಎಷ್ಟೆನ್ನುವುದು ಆ ತಳ್ಳುವ ಬಲದ ಮೇಲೆಯೇ ನಿಂತಿದೆ. ಅದು ಹೆಚ್ಚಾದರೆ ಇದೂ ಹೆಚ್ಚು. ಹಾಗಾಗಿ ನಮ್ಮ ಪೆಟ್ಟಿಗೆ ನಿಂತಲ್ಲೇ ನಿಂತಿತು. ಗೈಡಿನ ಪೆಟ್ಟಿಗೆ ಜಾರುತ್ತಿತ್ತು.

ಬಸ್ಸಿನ ಲೆಕ್ಕ ಇಲ್ಲದಿದ್ದರೆ ಅಂದೇ ನಮಗೆ ಅನುಮಾನ ಬರುತ್ತಿತ್ತೇನೋ. ನಾನು ಹಿಂದು ಮುಂದು ನೋಡದೆ, ಈ ಗೈಡಿನ ಹಣೆಬರಹವೇ ಇಷ್ಟು ಎಂದು ಪೆನ್ಸಿಲ್ ತೆಗೆದೆ. ಮುಂದಿನ ಲೆಕ್ಕಕ್ಕೂ ಗೈಡು ನಮ್ಮ ಉತ್ತರಕ್ಕೆ ಹೊಂದಲಿಲ್ಲ, ಅದನ್ನೂ ಹೊಡೆದು ಹಾಕಿದೆ. ಆ ಪಾಠದ ಉತ್ತರಗಳ ಪುಟ ತುಂಬಾ ನನ್ನ ದುಂಡು ಅಕ್ಷರ ತುಂಬಿಕೊಂಡಿತು. ಶೈಲಾ ಒಮ್ಮೆ ಮಾತ್ರ, ಇಷ್ಟೊಂದು ತಪ್ಪಿರ್ತಾವೇನ್ರಿ ಅಚ್ಚಾದ ಪುಸ್ತಕದಾಗ ಎಂದಳು. ನಾನು ಎದೆಯುಬ್ಬಿಸಿ, ನಾವು ಮೂರು ಸಲ ಮಾಡಿ ನೋಡಿದ್ದೀವಲ್ಲ ಕಣೇ ಎಂದೆ. ಒಂದೇ ತಪ್ಪನ್ನು ಮೂರು ಸಲ ಮಾಡಿದರೂ ಉತ್ತರ ಒಂದೇ ಬರುತ್ತದೆ ಎನ್ನುವುದು ಆಗ ತಲೆಗೆ ಹೋಗಲಿಲ್ಲ.

ಮೇ ತಿಂಗಳ ಒಂದು ಭಾನುವಾರ, ಪರೀಕ್ಷೆಗೆ ಒಂದೇ ವಾರ ಇದ್ದಾಗ, ಕಾರ್ತಿಕ್ ಸಂಸ್ಥೆಯವರೇ ಹಾಕಿದ್ದ ಮಾದರಿ ಪ್ರಶ್ನೆಪತ್ರಿಕೆಯನ್ನು ಇಳಿಸಿಕೊಟ್ಟ. ಶೈಲಾ ಗಡಿಯಾರ ಇಟ್ಟುಕೊಂಡು ಬರೆದಳು. ಬೆಳಕಿನದೆಲ್ಲ ಸರಿ, ಚಲನೆಯದೂ ಸರಿ. ಇಳಿಜಾರಿನ ಲೆಕ್ಕಗಳು ಒಂದೂ ಬಿಡದೆ ತಪ್ಪು. ನಾನು ಅಭ್ಯಾಸಬಲದಿಂದ, ಇವರದೂ ತಪ್ಪಿರಬೇಕು ಎಂದೆ.

ಶೈಲಾ ಗೈಡನ್ನೂ ಮಾದರಿ ಉತ್ತರವನ್ನೂ ಪಕ್ಕಪಕ್ಕ ಇಟ್ಟಳು. ಅಂಥದೇ ಲೆಕ್ಕ, ಅಂಥದೇ ಉತ್ತರ.

"ಅವರಿಬ್ಬರೂ ಒಂದ ನಮೂನಿ ಹೆಂಗ ತಪ್ಪತಾರ್ರಿ ಅತ್ತಿ?" ಎಂದಳು.

ಧ್ವನಿ ಏರಿಸಲಿಲ್ಲ. ನಾನು ಪೆನ್ಸಿಲ್ ಕೆಳಗಿಟ್ಟೆ. ಕಾರ್ತಿಕ್ ಗೈಡಿನ ಪುಟ ತಿರುವಿ, ಇದೇನಮ್ಮ, ನೀವು ಇಡೀ ಪುಸ್ತಕಾನೇ ತಿದ್ದಿಬಿಟ್ಟಿದ್ದೀರ ಎಂದು ನಗಲು ಹೋದವನು ಹೆಂಡತಿಯ ಮುಖ ನೋಡಿ ತಾನೂ ಲೆಕ್ಕ ಹಾಕಲು ಕೂತ. ತಪ್ಪು ಎಲ್ಲಿದೆ ಎನ್ನುವುದು ಅವನಿಗೂ ತಿಳಿಯಲಿಲ್ಲ, ಓದಿದ್ದು ಕಾಮರ್ಸ್. ಗೈಡಿನಲ್ಲಿ ಉತ್ತರ ಇತ್ತು, ಕಾರಣ ಇರಲಿಲ್ಲ. ಶೈಲಾ ಸರಿಯಾಗಿ ಊಟ ಮಾಡಲಿಲ್ಲ. ಪಾತ್ರೆ ತೊಳೆಯುವಾಗ ಮೆಲ್ಲಗೆ ಹೇಳಿದಳು: ಇದೊಂದ ಗೊತ್ತಾಗಿದ್ದು, ಗೊತ್ತಾಗದ್ದು ಇನ್ನೆಷ್ಟದಾವೋ. ಮೂರು ತಿಂಗಳು ಕಲಿತದ್ದೆಲ್ಲ ಹೀಗೇ ಇದ್ದರೆ? ಬರೆಯುವುದೇ ಬೇಡ ಬಿಡ್ರಿ ಎಂದಳು. ಅವಳ ಬೆನ್ನ ಮೇಲೆ ಕೈ ಇಡಬೇಕೆನಿಸಿತು. ನನ್ನ ಕೈ ಒದ್ದೆಯಾಗಿತ್ತು, ಸುಮ್ಮನೆ ಲೋಟ ಒರೆಸುತ್ತಾ ನಿಂತೆ.

ಮರುದಿನ ಬೆಳಿಗ್ಗೆ ಎಂದಿನಂತೆ ಬಾಗಿಲು ತೊಳೆಯುವ ಕೆಲಸ. ನಮ್ಮ ಬೀದಿಯ ಎಲ್ಲ ಮನೆಗಳ ಹಾಗೆ ನಮ್ಮ ಗೇಟಿನ ಮುಂದೆಯೂ ಸ್ಕೂಟರ್ ಹತ್ತಿಸಲು ಓರೆಯಾಗಿ ಹಾಸಿದ ಕಲ್ಲಿನ ಚಪ್ಪಡಿ ಇದೆ. ಹಿಂದಿನ ದಿನ ಸಂಜೆ ಬಂದ ನಾಲ್ಕು ಹನಿ ಮಳೆಗೆ ಹೊಂಗೆ ಹೂವೆಲ್ಲ ಅಂಟಿಕೊಂಡಿತ್ತು. ಸೋಪಿನ ನೀರು ಹಾಕಿ ಉಜ್ಜಿದೆ. ಬಕೆಟ್ಟನ್ನು ಚಪ್ಪಡಿಯ ಮೇಲೆಯೇ ಇಟ್ಟು ಸೆರಗು ಸಿಕ್ಕಿಸಿಕೊಳ್ಳಲು ತಿರುಗಿದ್ದೆ. ಶೈಲಾ ಪೊರಕೆ ಹಿಡಿದು ಮೇಲುಗಡೆ ನಿಂತಿದ್ದಳು. ಬಕೆಟ್ಟು ತಾನಾಗಿ ಹೊರಟಿತು. ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಚಪ್ಪಡಿ ಇಳಿದು ರಸ್ತೆಗೆ ಹೋಗಿ ಮಗುಚಿಕೊಂಡಿತು. ನೊರೆಯೆಲ್ಲ ಎದುರು ಮನೆಯ ಪದ್ಮಾ ಆಗತಾನೇ ಹಾಕಿ ಮುಗಿಸಿದ್ದ ರಂಗೋಲಿಯ ಕಡೆಗೆ ಹರಿಯಿತು.

ನಾನು ಅಯ್ಯೋ ಎಂದು ಓಡಿದೆ. ಬಕೆಟ್ಟು ಎತ್ತಿ ಪದ್ಮಾಗೆ ಸಮಾಧಾನ ಹೇಳಿ ತಿರುಗಿದರೆ, ಶೈಲಾ ಇದ್ದ ಜಾಗದಿಂದ ಅಲುಗಾಡಿಲ್ಲ. ಚಪ್ಪಡಿಯನ್ನೇ ನೋಡುತ್ತಿದ್ದಾಳೆ.

"ಅತ್ತಿ, ಕಲ್ಲು ಪೂರಾ ಭಾರ ತಡಕೊಂಡು ನೆಟ್ಟಗ ಮ್ಯಾಲಕ್ಕ ತಳ್ಳಿದ್ರ ಬಕೀಟು ಯಾಕ ಹೋತ್ರಿ?"

ನಾನು, ಸೋಪಿತ್ತಲ್ಲ ಕಣೇ, ಜಾರ್ತು ಎಂದೆ.

"ಸೋಪು ಅಂಗಳದಾಗೂ ಐತಿ. ಅಲ್ಲಿ ಇಟ್ರ ಹೋಗೂದಿಲ್ಲ." ಅವಳು ಪೊರಕೆ ಬಿಸಾಕಿ ಕಾಂಪೌಂಡ್ ಗೋಡೆಗೆ ಅಂಗೈ ಒತ್ತಿದಳು. "ಓರೆ ಜಾಸ್ತಿ ಮಾಡ್ಕೋತ ಹೋದ್ರ ಕಡೀಗೆ ಹಿಂಗ ಗೋಡಿ ಆಗ್ತೈತಿ. ಗೋಡಿ ಏನರ ಬಕೀಟು ಎತ್ತಿ ಹಿಡೀತೈತೇನ್ರಿ? ಅದು ಮ್ಯಾಲಕ್ಕ ತಳ್ಳೂದ ಇಲ್ಲ. ತನ್ನ ಮುಂದಕ್ಕ ತಳ್ಳತೈತಿ ಅಷ್ಟ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಗೇಟಿನ ಪಕ್ಕ ಇಟ್ಟಿದ್ದ ನಮ್ಮ ರಂಗೋಲಿ ಡಬ್ಬಿ ತೆಗೆದುಕೊಂಡು, ಕಾಂಪೌಂಡ್ ಗೋಡೆಯ ಬುಡದ ಒಣ ಸಿಮೆಂಟಿನ ಮೇಲೆ ಕೂತು, ಪುಡಿಯಲ್ಲೇ ಓರೆ ಗೆರೆ ಎಳೆದಳು, ಅದರ ಮೇಲೊಂದು ಚೌಕ. ಚೌಕದಿಂದ ನೆಟ್ಟಗೆ ಕೆಳಕ್ಕೆ ಭಾರದ ಬಾಣ. ಆಮೇಲೆ ಓರೆ ಗೆರೆಗೆ ಸರಿಯಾಗಿ ಅಡ್ಡಲಾಗಿ, ಓರೆ ಹಲಗೆಗೆ ನೇರವಾಗಿ ಹೊಡೆದ ಮೊಳೆಯ ಹಾಗೆ, ಇನ್ನೊಂದು ಬಾಣ. ಅದು ವಾಲಿತ್ತು. ಭಾರದ ಬಾಣಕ್ಕಿಂತ ಗಿಡ್ಡವೂ ಆಗಿತ್ತು. ಎರಡೂ ಎದುರುಬದುರು ಇಲ್ಲದ್ದರಿಂದ ಒಂದನ್ನೊಂದು ಪೂರ್ತಿ ಅಳಿಸುವುದಿಲ್ಲ, ಕೆಳಮುಖವಾಗಿ ಒಂದಿಷ್ಟು ಉಳಿದುಹೋಗುತ್ತದೆ. ಆ ಉಳಿದದ್ದೇ ನನ್ನ ಬಕೆಟ್ಟನ್ನು ರಸ್ತೆಗೆ ಕಳಿಸಿದ್ದು. ಕಲ್ಲು ತಳ್ಳುವುದು ಕಡಿಮೆಯಾದ ಮೇಲೆ ಘರ್ಷಣೆಯೂ ಕಡಿಮೆ. ಗೈಡಿನ ಪೆಟ್ಟಿಗೆ ಜಾರಲೇಬೇಕಿತ್ತು.

ನಾನು ಅಷ್ಟು ದಿನ ಚೂಪಾದ ಪೆನ್ಸಿಲ್ಲಿನಲ್ಲಿ, ಸ್ಕೇಲು ಹಿಡಿದು, ನೆಟ್ಟಗೆ ಎಳೆದ ಬಾಣವೇ ತಪ್ಪಾಗಿತ್ತು. ಅಂದವಾಗಿತ್ತು, ತಪ್ಪಾಗಿತ್ತು.

ಸ್ಕೂಟರ್ ತೆಗೆಯಲು ಬಂದ ನಮ್ಮವರು ಗೋಡೆಯ ಬುಡ ನೋಡಿ, ಇವತ್ತಿನ ರಂಗೋಲಿ ಇದೇನಾ ಎಂದರು. ಪದ್ಮಾ ರಸ್ತೆಯಾಚೆಯಿಂದಲೇ, ನಿಮ್ಮ ಕಡೆ ಇದು ಯಾವ ಹಬ್ಬಕ್ಕೆ ಹಾಕ್ತಾರಮ್ಮ ಶೈಲಾ ಎಂದು ಕೇಳಿದರು. ಶೈಲಾ ಮೈಮೇಲೆ ಪುಡಿ ಮಾಡಿಕೊಂಡು ನಗುತ್ತಿದ್ದಳು. ಹಿಂದಿನ ರಾತ್ರಿಯಿಂದ ಅವಳ ಮುಖದಲ್ಲಿ ನಗು ನೋಡಿರಲಿಲ್ಲ.

ತಪ್ಪು ಸಿಕ್ಕಿತು, ಆದರೆ ಭಯ ಹೋಗಲಿಲ್ಲ. ಆ ವಾರ ಅವಳು ಅಂಗಡಿಗೆ ಹೋಗಲಿಲ್ಲ. ನಾನು ರಬ್ಬರ್ ಹಿಡಿದು ಗೈಡಿನಲ್ಲಿ ನಾನು ತಿದ್ದಿದ್ದನ್ನೆಲ್ಲ ಅಳಿಸಿದೆ. ಬಸ್ಸಿನ ಇಪ್ಪತ್ತೈದನ್ನು ಮಾತ್ರ ಉಳಿಸಿದೆವು. ಮಾಡಿದ್ದ ಲೆಕ್ಕಗಳನ್ನೆಲ್ಲ ಮತ್ತೆ ನೋಡಿದೆವು, ಈ ಸಲ ಬೇರೆ ಥರ. ಉತ್ತರ ಬಂದ ಮೇಲೆ ಗೈಡಿನ ಉತ್ತರದ ಪುಟ ತಿರುವುವ ಮೊದಲು, ನಿಜವಾಗಿ ಹೀಗಾಗುತ್ತಾ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು. ಭಾರ ಜಾಸ್ತಿ ಮಾಡಿದರೆ? ಓರೆ ಕಡಿಮೆ ಮಾಡಿದರೆ? ಹಾಗೆ ಕೇಳಿದಾಗ ಕೆಲವು ಉತ್ತರಗಳು ತಾವೇ ನಾಚಿಕೊಂಡು ಸರಿಯಾಗುತ್ತಿದ್ದವು. ಅಡಿಗೆಮನೆ ತುಂಬಾ ಪ್ರಯೋಗ. ಚಪಾತಿ ಮಣೆ ಓರೆ ಮಾಡಿ ಅದರ ಮೇಲೆ ಬೆಲ್ಲದಚ್ಚು, ಸೋಪು, ಲಟ್ಟಣಿಗೆ. ನಮ್ಮವರು ಒಂದು ದಿನ ಕಾಫಿಯ ಜೊತೆ ತಟ್ಟೆಯಲ್ಲಿ ಬಿಸ್ಕತ್ತು ತಂದು, ಇದನ್ನು ಜಾರಿಸಬೇಡಿ, ತಿನ್ನೋಕೆ ತಂದಿರೋದು ಎಂದರು.

ಪರೀಕ್ಷೆಯ ದಿನ ನಾನೇ ಜೊತೆಗೆ ಹೋದೆ. ಕಾರ್ತಿಕ್ ರಜಾ ಹಾಕುತ್ತೇನೆ ಎಂದಿದ್ದ. ಶೈಲಾ, ಅತ್ತಿ ಬರಲಿ ಎಂದಳು. ಮೋಡ ಕವಿದು ಸೆಕೆ ಹೆಚ್ಚಾಗಿತ್ತು. ಸಂಸ್ಥೆಯ ಗೇಟಿನ ಹತ್ತಿರ ಅವಳ ಹಾಲ್ ಟಿಕೆಟ್ ನೋಡಿ ಒಳಗೆ ಬಿಟ್ಟರು. ನಾನು ಹೊರಗೆ ಮಳೆಮರದ ಕೆಳಗಿನ ಕಟ್ಟೆಯ ಮೇಲೆ ಕೂತೆ. ಬೇರೆ ಮಕ್ಕಳ ತಾಯಂದಿರೂ ಇದ್ದರು. ಮಗಳಾ ಎಂದು ಒಬ್ಬರು ಕೇಳಿದರು, ಸೊಸೆ ಎಂದೆ. ಸೊಸೆಗೆ ಅತ್ತೆ ಕಾಯೋದಾ ಎಂದು ಅವರು ಇನ್ನೊಬ್ಬರ ಕಡೆ ನೋಡಿದರು. ನಾನು ಚೀಲದಿಂದ ನೀರಿನ ಬಾಟಲು ತೆಗೆದು ಕುಡಿದೆ, ಬಾಯಾರಿಕೆ ಇರಲಿಲ್ಲ. ಜಪ ಮಾಡೋಣ ಎಂದು ಕಣ್ಣು ಮುಚ್ಚಿದರೆ ಬರೀ ಪೆಟ್ಟಿಗೆಗಳು ಜಾರುತ್ತಿದ್ದವು.

ಶೈಲಾ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದಳು. ನಾನು ನೀರು ಕೊಟ್ಟೆ. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವಳೇ ಹೇಳಿದಳು. ಇಳಿಜಾರಿನ ಲೆಕ್ಕ ಒಂದೂ ಬಂದಿರಲಿಲ್ಲವಂತೆ. ಆ ವಾರವೆಲ್ಲ ಅದಕ್ಕೇ ಹೋಗಿತ್ತಲ್ಲ. ಆದರೆ ಲಿಫ್ಟಿನ ಲೆಕ್ಕ ಬಂದಿತ್ತಂತೆ, ನಾವು ಯಾವತ್ತೂ ಮಾಡದೇ ಇದ್ದದ್ದು. ಒಬ್ಬ ಮನುಷ್ಯ ಲಿಫ್ಟಿನಲ್ಲಿ ನಿಂತಿದ್ದಾನೆ, ಲಿಫ್ಟು ಕೆಳಕ್ಕೆ ಹೊರಡುತ್ತದೆ, ಆಗ ಅವನ ಕಾಲಡಿಯ ನೆಲ ಅವನನ್ನು ಎಷ್ಟು ಬಲದಿಂದ ತಳ್ಳುತ್ತದೆ?

"ಮೊದಲಾಗಿದ್ರ ಭಾರ ಎಷ್ಟೋ ಅಷ್ಟು ಅಂತ ಬರೆದು ಮುಂದ ಹೋಗ್ತಿದ್ನಿರಿ. ಇವತ್ತು ಕೈ ತಡೀತು. ನೆಲ ಯಾವಾಗ್ಲೂ ಪೂರಾ ತಳ್ಳೂದಿಲ್ಲ ಅಂತ ಗೊತ್ತಿತ್ತಲ್ರಿ. ಕೂತು ಯೋಚನೆ ಮಾಡಿ ಕಡಿಮಿ ಅಂತ ಬರದ್ನಿ. ಸರಿ ಇರಬೇಕ್ರಿ?"

ನನಗೆ ತಿಳಿಯದು ಎಂದೆ. ಮನೆಗೆ ಬಂದು ಕಾರ್ತಿಕ್ ಫೋನಿನಲ್ಲಿ ಹುಡುಕಿ ಸರಿ ಎಂದ. ಆದರೂ ಫಲಿತಾಂಶ ಬರುವವರೆಗೆ ಯಾರೂ ಆ ವಿಷಯ ಎತ್ತಲಿಲ್ಲ. ಜೂನ್ ಬಂತು, ಮಳೆ ಹಿಡಿಯಿತು. ಶೈಲಾ ಮತ್ತೆ ಪೂರ್ತಿ ದಿನ ಅಂಗಡಿಗೆ ಹೋಗತೊಡಗಿದಳು. ಮಧ್ಯಾಹ್ನದ ಹೊತ್ತು ಊಟದ ಮೇಜು ಖಾಲಿ ಖಾಲಿ ಕಾಣುತ್ತಿತ್ತು. ನಾನು ಒಬ್ಬಳೇ ಒಂದೆರಡು ಲೆಕ್ಕ ಮಾಡಿ ನೋಡಿದ್ದೂ ಉಂಟು, ಕೇಳುವವರಿಲ್ಲದೆ ರುಚಿಸಲಿಲ್ಲ.

ಫೋನು ಬಂದಾಗ ಅವಳಿಗೆ ವಾರದ ರಜ. ಬಟ್ಟೆ ಮಡಿಸುತ್ತಿದ್ದಳು. ಆ ಕಡೆಯವರು ಏನು ಹೇಳಿದರೋ ನನಗೆ ಕೇಳಲಿಲ್ಲ, ಇವಳು ಹೂಂ ಮೇಡಂ, ಆಯ್ತು ಮೇಡಂ ಎನ್ನುತ್ತಿದ್ದಳಷ್ಟೆ. ಫೋನು ಇಟ್ಟ ಮೇಲೆ ನನ್ನನ್ನು ನೋಡಿ, ಬರುವ ಸೋಮವಾರದಿಂದ ಬರಬೇಕಂತ್ರಿ, ಬಿಳೀ ಕೋಟು ಹೊಲಿಸ್ಕೊಂಡು ಬರಬೇಕಂತ್ರಿ ಎಂದಳು. ಸೀಟು ಸಿಕ್ಕಿತು ಎನ್ನುವ ಮಾತು ಅವಳ ಬಾಯಿಂದ ಹೊರಡಲೇ ಇಲ್ಲ, ಕೋಟಿನ ಮಾತನ್ನೇ ಇನ್ನೊಮ್ಮೆ ಹೇಳಿದಳು. ಅಳಲಿಲ್ಲ, ಕುಣಿಯಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿ ಸರಿಯಾಗಿ ಬರುವವರೆಗೆ ಮಡಿಸಿದಳು.

ಸಂಜೆ ನಾನು ವಿಜಯನಗರದ ಮಾರ್ಕೆಟ್ಟಿನಿಂದ ಬಿಳಿ ಬಟ್ಟೆ ತಂದೆ. ದರ್ಜಿಗೆ ಕೊಡೋಣ ಎಂದರು ನಮ್ಮವರು, ಬೇಡ, ನಾನೇ ಹೊಲಿಯುತ್ತೇನೆ ಎಂದೆ. ಕೋಣೆಯ ದೀಪ ಹಾಕಿ ಶೈಲಾಳನ್ನು ನಿಲ್ಲಿಸಿ ಕೈ ಅಗಲಿಸು ಎಂದೆ. ಭುಜ ಅಳೆದೆ, ತೋಳು ಅಳೆದೆ. ಎದೆಯ ಸುತ್ತ ಟೇಪು ಹಾಕಿದಾಗ ಅವಳು ಕಟ್ಟಿಗೆಯಂತೆ ಬಿಗಿದು ನಿಂತಿದ್ದಳು.

"ಉಸಿರು ಬಿಡು ಕಣೇ, ಅಳತೆ ತಪ್ಪತ್ತೆ" ಎಂದೆ.

ಅವಳು ಬಿಟ್ಟಳು. ಮಾರ್ಚಿನಿಂದ ಒಳಗೆ ಹಿಡಿದಿಟ್ಟುಕೊಂಡಿದ್ದಳೋ ಏನೋ, ಅಷ್ಟು ಉದ್ದವಾಗಿ ಬಂತು. ನನ್ನ ಬೆರಳುಗಳ ನಡುವೆ ಟೇಪು ಸಡಿಲವಾಯಿತು. ಆ ಸಡಿಲ ಅಳತೆಯನ್ನೇ ಬರೆದುಕೊಂಡೆ.